ಹನ್ನೊಂದು ಸಾವಿರ ಹಾಳೆ

ಸುಡಾನಿನ ಅತ್ಬರಾ ಊರಿನ ಆಸ್ಪತ್ರೆಯ ಗೇಟಿನ ಹೊರಗೆ ಚಹಾ ಮಾರುವವಳ ಮುಂದೆ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದ ಇಶ್ರಾಗಾಳನ್ನು ಮೊದಲು ಗುರುತು ಹಿಡಿದವಳು ಹನಾದಿ. ಬಿಳಿ ಕೋಟು ತೊಟ್ಟ ಹುಡುಗಿ ಎರಡು ಹೆಜ್ಜೆ ಮುಂದೆ ಹೋದವಳು ತಿರುಗಿ ಬಂದಳು.

"ಚಿಕ್ಕಮ್ಮ, ನೀವು ನಮ್ಮ ಯೂನಿವರ್ಸಿಟಿ ದಾಖಲೆ ವಿಭಾಗದಲ್ಲಿದ್ರಲ್ವಾ? ಫೋಟೋ ಸರಿಯಿಲ್ಲ ಅಂತ ನನ್ನ ಅರ್ಜೀನ ಮೂರು ಸಲ ವಾಪಸ್ ಕಳಿಸಿದ್ರಿ."

"ನಾಲ್ಕನೇ ಸಲ ತಗೊಂಡೆ ತಾನೆ? ಕೂತ್ಕೋ," ಎಂದಳು ಇಶ್ರಾಗಾ.

ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಹುಡುಗಿಯ ಕಥೆಯೆಲ್ಲ ಹೊರಬಂತು. ಒಮ್ದುರ್ಮಾನಿನಲ್ಲಿ ವೈದ್ಯಕೀಯದ ಐದು ವರ್ಷ ಮುಗಿಸಿದ್ದಳು. ಕೊನೆಯ ವರ್ಷ ಶುರುವಾಗುವ ಹೊತ್ತಿಗೆ ಯುದ್ಧ ಬಂತು. ಈಗ ಈ ಆಸ್ಪತ್ರೆಯಲ್ಲಿ ಸಂಬಳವಿಲ್ಲದೆ ಗಾಯ ಕಟ್ಟುತ್ತಾಳೆ. ಪೋರ್ಟ್ ಸುಡಾನಿನ ಒಂದು ಕಾಲೇಜು ಕೊನೆಯ ವರ್ಷಕ್ಕೆ ಸೇರಿಸಿಕೊಳ್ಳಲು ಒಪ್ಪಿದೆ. ಆದರೆ ತಿಂಗಳು ಮುಗಿಯುವುದರೊಳಗೆ ಐದೂ ವರ್ಷದ ಅಂಕಗಳು, ಕುಲಸಚಿವರ ರುಜುವಿನೊಂದಿಗೆ, ಅವರ ಕೈ ಸೇರಬೇಕು.

"ದಾಖಲೆ ಕಟ್ಟಡ ಸುಟ್ಟುಹೋಯ್ತಂತೆ. ಇನ್ನು ಮೊದಲನೇ ವರ್ಷದಿಂದ ಓದು ಅಂತಾರೆ ಎಲ್ರೂ. ನನಗೆ ಇಪ್ಪತ್ತೈದಾಯ್ತು ಚಿಕ್ಕಮ್ಮ."

ಇಶ್ರಾಗಾ ಚಹಾದ ಲೋಟ ಕೆಳಗಿಟ್ಟಳು. ಹತ್ತೊಂಬತ್ತು ವರ್ಷ ಆ ಕಟ್ಟಡದಲ್ಲಿ ದುಡಿದವಳು ಅವಳು. ಯುದ್ಧಕ್ಕೆ ಎರಡು ವರ್ಷ ಮೊದಲು ಅಂಕಪಟ್ಟಿಗಳ ಕಪಾಟಿಗೆ ಗೆದ್ದಲು ಹಿಡಿದಾಗ, ಯಾರೂ ಹೇಳದೆಯೇ, ಒಂದೊಂದೇ ಹಾಳೆಯನ್ನು ಸ್ಕ್ಯಾನ್ ಮಾಡಿ ವಿಶ್ವವಿದ್ಯಾಲಯ ತನಗೆ ಕೊಟ್ಟಿದ್ದ ಆನ್‌ಲೈನ್ ಖಾತೆಯಲ್ಲಿ ಇಡತೊಡಗಿದ್ದಳು. ಕುಲಸಚಿವ ತಾಜೆಲ್ಸಿರ್ ಬಾಗಿಲಲ್ಲಿ ನಿಂತು ನಗುತ್ತಿದ್ದರು: "ಇಶ್ರಾಗಾ ಕಾಗದಾನ ಗಾಳೀಲಿ ಇಡ್ತಿದ್ದಾಳೆ ನೋಡ್ರಪ್ಪಾ." ಊರು ಬಿಟ್ಟು ಓಡುವಾಗ ದಾರಿಯ ತಪಾಸಣೆಯಲ್ಲಿ ಅವಳ ಫೋನು ಕಿತ್ತುಕೊಂಡರು. ಅತ್ಬರಾದ ತಂಗಿಯ ಮನೆ ಸೇರಿದ ಮೇಲೆ ಒಮ್ಮೆ ಖಾತೆ ತೆರೆಯಲು ನೋಡಿದ್ದಳು. ಪಾಸ್‌ವರ್ಡ್ ನೆನಪಿತ್ತು. ಆದರೆ ಒಳಗೆ ಬಿಡುವ ಸಂಖ್ಯೆ ಹೋಗುತ್ತಿದ್ದುದು ಆ ಕಳೆದುಹೋದ ಫೋನಿಗೆ. ಆಮೇಲೆ ತಮ್ಮ ತೀರಿಕೊಂಡ ಸುದ್ದಿ ಬಂತು. ಅವಳು ಆ ಯೋಚನೆಯನ್ನೇ ಬಿಟ್ಟುಬಿಟ್ಟಳು.

"ನಿಂದು ಯಾವ ಬ್ಯಾಚು?" ಎಂದು ಕೇಳಿದಳು ಈಗ.

"ಹದಿನೆಂಟು."

"ಹದಿನೆಂಟರದ್ದು ಸ್ಕ್ಯಾನ್ ಮಾಡಿ ಮುಗಿಸಿದ್ದೆ," ಎಂದಳು ಇಶ್ರಾಗಾ, ತನಗೇ ಹೇಳಿಕೊಂಡಂತೆ. ಮೈಗೆ ಸುತ್ತಿದ್ದ ತೋಬಿನ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದಳು. "ನಿನ್ನ ಫೋನಲ್ಲಿ ನೆಟ್ ಇದೆಯಾ?"

"ಇಲ್ಲಿ ಯಾರ ಫೋನಲ್ಲೂ ಇಲ್ಲ. ಮಾರ್ಕೆಟ್ಟಲ್ಲಿ ಬಾಬಿಕಿರ್ ಅಂಗಡಿ ಮೇಲೆ ತಟ್ಟೆ ಹಾಕಿದಾರೆ."

ಬಾಬಿಕಿರ್ ಮುಂಚೆ ಗಡಿಯಾರ ರಿಪೇರಿ ಮಾಡುತ್ತಿದ್ದ ಹಿರಿಯ. ಈಗ ಅವನ ಅಂಗಡಿಯ ಮೇಲಿನ ಉಪಗ್ರಹದ ತಟ್ಟೆಯಿಂದಲೇ ಅರ್ಧ ಊರು ಹೊರದೇಶದ ಬಂಧುಗಳೊಡನೆ ಮಾತಾಡುತ್ತಿತ್ತು. ಇಶ್ರಾಗಾ ತಂಗಿಯ ಫೋನು ಹಿಡಿದು ಅಲ್ಲಿ ಕೂತು ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪುಗಳನ್ನು ಒಂದೊಂದಾಗಿ ಕೆದಕಿದಳು. ಎರಡನೆಯ ದಿನ ಮಧ್ಯಾಹ್ನ ಕಂಪ್ಯೂಟರ್ ವಿಭಾಗದ ಮುಅತಸಿಮ್ ಸಿಕ್ಕಿದ. ಅವನು ಕಸಲಾದಲ್ಲಿದ್ದ, ಮತ್ತು ವಿಶ್ವವಿದ್ಯಾಲಯದ ಖಾತೆಗಳ ಬೀಗದ ಕೈ ಇನ್ನೂ ಅವನ ಬಳಿಯೇ ಇತ್ತು.

"ಅಕ್ಕ, ನೀವೇ ಅಂತ ನಾನು ಹ್ಯಾಗೆ ನಂಬ್ಲಿ?" ಎಂದ ಅವನು. "ದಿನಾ ಯಾರ್ಯಾರೋ ಫೋನ್ ಮಾಡ್ತಾರೆ, ನಾನು ಆ ಡೀನು, ನಾನು ಈ ಡೀನು ಅಂತ."

"ವೀಡಿಯೋ ಹಾಕು. ಮುಖ ನೋಡು. ಸ್ಕ್ಯಾನರ್ ಮುಚ್ಚಳ ನಾಳೆ ಸರಿಮಾಡ್ತೀನಿ ಅಂತ ಒಂಬತ್ತು ತಿಂಗಳು ಸುತ್ತಿಸಿದವನು ನೀನೇ ತಾನೆ? ಕೊನೆಗೆ ಅದರ ಮೇಲೆ ಇಟ್ಟಿಗೆ ಹೇರ್ಕೊಂಡು ಕೆಲಸ ಮಾಡ್ದೆ."

ಮುಅತಸಿಮ್ ಜೋರಾಗಿ ನಕ್ಕ. "ನೀವೇ. ಬೇರೆ ಯಾರೂ ಇಷ್ಟು ದಿನ ಸಿಟ್ಟು ಇಟ್ಕೊಂಡಿರಲ್ಲ." ಆದರೆ ಮರುಕ್ಷಣವೇ ಅವನ ದನಿ ಇಳಿಯಿತು. "ಅಕ್ಕ, ಒಳ್ಳೇ ಹೊತ್ತಿಗೆ ಬಂದ್ರಿ. ಕಂಪನಿಯವರು ನಮಗೆ ಕೊಟ್ಟಿದ್ದ ಆನ್‌ಲೈನ್ ಜಾಗ ಕಡಿಮೆ ಮಾಡಿದಾರೆ. ವರ್ಷದಿಂದ ಯಾರೂ ತೆರೆಯದ ಖಾತೆಗಳನ್ನ ಭಾನುವಾರ ಅಳಿಸ್ತಾರೆ. ನಿಮ್ಮದೂ ಆ ಪಟ್ಟೀಲಿದೆ."

ಅಂದು ಬುಧವಾರ.

"ಬೇರೆಯವರ ಜೊತೆ ಹಂಚ್ಕೊಂಡ್ಬಿಟ್ರೆ?"

"ಹಂಚಿದ್ರೂ ಅಷ್ಟೇ. ಒಡತಿ ನೀವು. ನಿಮ್ಮ ಖಾತೆ ಹೋದ್ರೆ ಅವರಿಗೆ ಕಾಣೋದೂ ಹೋಗುತ್ತೆ. ಪಟ್ಟಿಯಿಂದ ನಿಮ್ಮ ಹೆಸರು ತೆಗೆಸೋಕೆ ಬರೀತೀನಿ, ಆದ್ರೆ ಅದನ್ನ ನಂಬ್ಕೊಂಡು ಕೂರಬೇಡಿ. ಎಲ್ಲಾನೂ ಇಳಿಸ್ಕೊಳ್ಳಿ."

ಮುಅತಸಿಮ್ ಕಳಿಸಿದ ಹೊಸ ಸಂಖ್ಯೆ ಬಂತು. ಇಶ್ರಾಗಾ ಅದನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಒತ್ತಿ ಕಾದಳು. ಪರದೆ ಬೆಳ್ಳಗಾಯಿತು, ಆಮೇಲೆ ನಿಧಾನವಾಗಿ ಫೋಲ್ಡರುಗಳು ಮೂಡಿದವು, ವರ್ಷದ ಮೇಲೆ ವರ್ಷ, ಅವಳೇ ಹೆಸರಿಟ್ಟ ಕ್ರಮದಲ್ಲಿ. ಹನ್ನೊಂದು ಸಾವಿರ ಹಾಳೆ. ಒಂದನ್ನು ತೆರೆದಳು. ಹಾಳೆಯ ಮೂಲೆಯಲ್ಲಿ ಗೆದ್ದಲು ತಿಂದ ಗುರುತು, ಕೆಳಗೆ ತನ್ನದೇ ಹೆಬ್ಬೆರಳಿನ ನೆರಳು. ಅವಳಿಗೆ ಅಳು ಬಂತು. ಬಾಬಿಕಿರ್ ಅವಳ ಮುಂದೆ ನೀರಿನ ಲೋಟ ಇಟ್ಟ.

ಆ ನಾಲ್ಕು ದಿನ ಅವಳು ಅಂಗಡಿ ತೆರೆಯುವ ಮೊದಲೇ ಬಂದು ಬಾಗಿಲಲ್ಲಿ ಕಾಯುತ್ತಿದ್ದಳು. ಗಿರಾಕಿಗಳು ತುಂಬಿದರೆ ನೆಟ್ ಆಮೆಯಾಗುತ್ತಿತ್ತು; ಕರೆಂಟ್ ಹೋದರೆ ಅರ್ಧ ಇಳಿದದ್ದು ಮತ್ತೆ ಮೊದಲಿನಿಂದ. ಶುಕ್ರವಾರ ಬಾಬಿಕಿರ್ ಪ್ರಾರ್ಥನೆಯಿಂದ ಬಂದವನೇ ಸಾಲಿನಲ್ಲಿ ನಿಂತವರಿಗೆ ಹೇಳಿದ: "ಸಂಜೆಯವರೆಗೆ ಯಾರೂ ಹಾಡು ಗೀಡು ಇಳಿಸ್ಕೋಬೇಡಿ. ಇಲ್ಲಿ ಒಂದು ಯೂನಿವರ್ಸಿಟಿ ಸಾಗಿಸ್ತಾ ಇದೀವಿ." ಜನ ಗೊಣಗಿದರು, ಆದರೂ ಬಿಟ್ಟುಕೊಟ್ಟರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೊನೆಯ ಫೋಲ್ಡರ್ ಇಳಿಯಿತು. ಎರಡು ಡಿಸ್ಕ್‌ಗಳಲ್ಲಿ ಪ್ರತಿ ಮಾಡಿ ಒಂದನ್ನು ಬಾಬಿಕಿರನ ಕೈಗೆ ಕೊಟ್ಟು, ಇನ್ನೊಂದನ್ನು ತಂಗಿಯ ಮನೆಯ ಹಿಟ್ಟಿನ ಡಬ್ಬಿಯಲ್ಲಿ ಇಟ್ಟಳು. ಸಂಜೆ ಮುಅತಸಿಮ್‌ನಿಂದ ಸುದ್ದಿ ಬಂತು: ಅವನ ಪತ್ರ ಫಲಿಸಿತ್ತು, ಖಾತೆ ಉಳಿದಿತ್ತು.

ಇನ್ನು ಬೇಕಾದದ್ದು ರುಜು. ತಾಜೆಲ್ಸಿರ್ ಪೋರ್ಟ್ ಸುಡಾನಿನಲ್ಲಿ ಎರಡು ಕೋಣೆಯ ಕಚೇರಿಯಲ್ಲಿ ವಿಶ್ವವಿದ್ಯಾಲಯ ನಡೆಸುತ್ತಿದ್ದರು. ಇಶ್ರಾಗಾ ಫೋನಿನಲ್ಲಿ ಅವರಿಗೆ ವಿಷಯ ಹೇಳಿದಳು.

"ಎಲ್ಲಾ ಇದೆಯಾ?"

"ನಾನು ಮಾಡಿದ್ದೆಲ್ಲಾ ಇದೆ, ಉಸ್ತಾದರೇ."

"ಹಾಗಾದ್ರೆ ಪೂರ್ತಿ ನನ್ನ ಹೆಸರಿಗೆ ವರ್ಗಾಯಿಸು. ತಿದ್ದೋ ಅಧಿಕಾರ ಸಮೇತ. ನಿನ್ನ ಹತ್ರ ಇರೋದನ್ನ ಅಳಿಸಿಬಿಡು. ಗುಮಾಸ್ತೆ ಖಾತೇಲಿ ಯೂನಿವರ್ಸಿಟಿ ದಾಖಲೆ ಇರೋದು ಕ್ರಮ ಅಲ್ಲ."

ಇಶ್ರಾಗಾ ಹತ್ತೊಂಬತ್ತು ವರ್ಷ ಅವರ ಮಾತಿಗೆ ಎದುರಾಡಿದವಳಲ್ಲ.

"ಕ್ರಮ ಅಲ್ಲ, ಒಪ್ತೀನಿ. ಹಾಗಂತ ಒಬ್ಬರ ಕೈಯಲ್ಲೇ ಇರೋದೂ ಕ್ರಮ ಅಲ್ಲ. ನಿಮಗೆ, ವೈದ್ಯಕೀಯದ ಡೀನ್ ಮೇಡಮ್‌ಗೆ, ಮುಅತಸಿಮ್‌ಗೆ, ಮೂವರಿಗೂ ನೋಡೋ ಅಧಿಕಾರ ಕೊಡ್ತೀನಿ. ತಿದ್ದೋದು ಯಾರಿಗೂ ಬೇಡ. ನನಗೂ ಬೇಡ, ಮುಅತಸಿಮ್ ಅದಕ್ಕೂ ಬೀಗ ಹಾಕ್ತಾನೆ."

"ನನ್ನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮನ್ನ ನಂಬ್ತೀನಿ. ನಾಳೆ ನಿಮ್ಮ ಬಾಗಿಲಿಗೆ ಬಂದೂಕು ಹಿಡ್ಕೊಂಡು ಬಂದು, ನನ್ನ ತಮ್ಮನ್ನ ಡಾಕ್ಟರ್ ಮಾಡು ಅನ್ನೋನನ್ನ ನಂಬಲ್ಲ. ಆಗ ನೀವು, ನನ್ನ ಕೈಲಿ ಆಗಲ್ಲ, ಬೀಗ ಬಿದ್ದಿದೆ ಅಂತ ಧೈರ್ಯವಾಗಿ ಹೇಳಬಹುದು."

ಆ ಕಡೆಯಿಂದ ಕೆಮ್ಮು ಕೇಳಿಸಿತು.

"ಮೊನ್ನೆ ಅಂಥವನೊಬ್ಬ ಬಂದಿದ್ದ," ಎಂದರು ತಾಜೆಲ್ಸಿರ್. "ದಾಖಲೆ ಸುಟ್ಟುಹೋಗಿದೆ, ಏನೂ ಇಲ್ಲ ಅಂತ ಹೇಳಿ ಕಳಿಸ್ದೆ. ಇನ್ಮೇಲೆ ಹಾಗೆ ಹೇಳೋಕಾಗಲ್ಲ. ನೀನು ಹೇಳಿದ ಹಾಗೇ ಮಾಡು. ಆ ಹುಡುಗಿ ಹಾಳೆ ಮೊದಲು ಕಳಿಸು. ನಾಳೆ ರುಜು ಹಾಕ್ತೀನಿ."

ಹನಾದಿಯ ಐದು ವರ್ಷ ಐದು ಹಾಳೆಗಳಲ್ಲಿ ಹೋಯಿತು, ರುಜುವಾಗಿ ಕಾಲೇಜು ಸೇರಿತು. ತಿಂಗಳು ಮುಗಿಯಲು ಎರಡು ದಿನ ಇರುವಾಗ ಅವಳು ಬಸ್ ಹತ್ತಿದಳು. ಹೊರಡುವ ಮುನ್ನ ಅಂಗಡಿಗೆ ಬಂದು ಇಶ್ರಾಗಾಳನ್ನು ಬಿಗಿಯಾಗಿ ತಬ್ಬಿಕೊಂಡಳು. "ಅಂಗರಚನೆಯಲ್ಲಿ ಐವತ್ತೆರಡು ತಗೊಂಡಿದೀಯ," ಎಂದಳು ಇಶ್ರಾಗಾ ಅವಳ ಕಿವಿಯಲ್ಲಿ. "ಚೆನ್ನಾಗಿ ಓದು."

ಸುದ್ದಿ ಹಬ್ಬಿತು. ಕೈರೋದಿಂದ, ಜೆದ್ದಾದಿಂದ, ಗೆದಾರಿಫಿನ ನಿರಾಶ್ರಿತರ ಶಿಬಿರದಿಂದ ಅಂಕಪಟ್ಟಿ ಕೇಳುವವರ ಹೆಸರುಗಳು ಬರತೊಡಗಿದವು. ಬಾಬಿಕಿರ್ ಗಡಿಯಾರದ ಮೇಜನ್ನು ಖಾಲಿ ಮಾಡಿ ಅವಳಿಗೆ ಕೊಟ್ಟ. ಒಂದು ಬೆಳಿಗ್ಗೆ ನರೆತ ಗಡ್ಡದ ಡಾಕ್ಟರೊಬ್ಬ ಬಂದು ತನ್ನ ಬ್ಯಾಚಿನ ವರ್ಷ ಹೇಳಿದ. ಇಶ್ರಾಗಾ ಹುಡುಕಿದಳು, ಮತ್ತೆ ಹುಡುಕಿದಳು. ಆ ವರ್ಷದ ಅಂಕಗಳ ಪುಸ್ತಕ ಅವಳು ಸ್ಕ್ಯಾನ್ ಮಾಡುತ್ತಿದ್ದಾಗ ಬೈಂಡಿಂಗಿಗೆ ಹೋಗಿತ್ತು; ಅವಳ ಕೈಗೆ ಸಿಕ್ಕಿರಲೇ ಇಲ್ಲ.

"ಇಲ್ವಾ?" ಎಂದ ಅವನು, ಏಳಲು ಸಿದ್ಧನಾಗಿ.

"ಇಲ್ಲ. ಕೂತ್ಕೊಳ್ಳಿ." ಅವಳು ಬೀಗ ಬಿದ್ದ ಖಾತೆಯ ಹೊರಗೆ, ಅಂಗಡಿಯ ಕಂಪ್ಯೂಟರಿನಲ್ಲೇ, ಆ ವರ್ಷದ ಹೆಸರಿಟ್ಟು ಒಂದು ಖಾಲಿ ಫೋಲ್ಡರ್ ತೆರೆದಳು. "ನಿಮ್ಮ ಜೊತೆ ಎಷ್ಟು ಜನ ಓದಿದ್ರು? ಯಾರಾದ್ರೂ ಅಂಕಪಟ್ಟಿಯ ನಕಲು ಇಟ್ಕೊಂಡಿರ್ತಾರೆ, ಪಾಠ ಮಾಡಿದೋರ ಹತ್ರಾನೂ ಇರ್ತವೆ. ಒಬ್ಬೊಬ್ಬರ ಹೆಸರೂ ಹೇಳ್ತಾ ಹೋಗಿ."