ಹಳೇ ಟೇಪಿನ ಅಳತೆ

ಬಟ್ಟೆ ಹೊಲಿಯುವವರಿಗೆ ಸುಳ್ಳು ಹೇಳುವುದು ಹೊಸದೇನಲ್ಲ. ನಾಳೆ ಕೊಡ್ತೀನಿ ಅಂದ ಅಂಗಿ ಮುಂದಿನ ವಾರಕ್ಕೆ ಹೋಗುತ್ತದೆ. ದಪ್ಪಗಾದ ಗಿರಾಕಿಗೆ, ನೀವು ಹಾಗೇ ಇದ್ದೀರಿ, ಬಟ್ಟೆಯೇ ಒಗೆದು ಒಗೆದು ಕುಗ್ಗಿದೆ ಅಂತ ಸಮಾಧಾನ ಹೇಳಬೇಕಾಗುತ್ತದೆ. ಮೂವತ್ತು ವರ್ಷ ಇಂಥ ಸುಳ್ಳು ಹೇಳಿಯೂ ಯಾರಿಗೂ ಕೇಡು ಬಗೆಯದ ಈ ದರ್ಜಿ, ಹೆತ್ತ ಮಗಳ ಹತ್ತಿರ ಒಂದೇ ಒಂದು ಸುಳ್ಳಾಡಿ ಕೈ ಸುಟ್ಟುಕೊಂಡಳು.

ಮಗಳಿಗೆ ಹತ್ತೊಂಬತ್ತು. ಚಿಕ್ಕಂದಿನಲ್ಲಿ ಕೆನ್ನೆ ತುಂಬಿಕೊಂಡಿದ್ದಳೆಂದು ಸೋದರಮಾವ ಇಟ್ಟ ಅಡ್ಡಹೆಸರು ಗುಂಡಮ್ಮ. ಮನೆಯವರೆಲ್ಲ ಬಾಯಿ ತುಂಬ ಕರೆದರು, ನಕ್ಕರು. ಅವಳೂ ನಕ್ಕಳು. ಒಳಗೊಳಗೇ ಅದು ಕೊರೆಯುತ್ತಿದ್ದದ್ದು ಯಾರಿಗೂ ಹೊಳೆಯಲಿಲ್ಲ. ಈಗ ಎರಡು ವರ್ಷದಿಂದ ಊಟವನ್ನು ತಟ್ಟೆಯಲ್ಲೇ ಅತ್ತಿಂದಿತ್ತ ಸರಿಸಿ ಎದ್ದುಬಿಡುತ್ತಿದ್ದಳು. ಬಾಚಿದರೆ ಕೂದಲು ಕೈಗೆ ಬರುತ್ತಿತ್ತು, ಬೇಸಿಗೆಯಲ್ಲೂ ಸ್ವೆಟರ್ ಬೇಕಿತ್ತು. ಬೆಳಿಗ್ಗೆ ಎದ್ದವಳೇ ಹೊಲಿಗೆ ಕೋಣೆಗೆ ಬಂದು ಅಮ್ಮನ ಟೇಪಿನಲ್ಲಿ ಸೊಂಟ ಅಳೆದುಕೊಳ್ಳುತ್ತಿದ್ದಳು. ಒಂದು ಗೆರೆ ಏರಿದ್ದರೆ ಆ ದಿನ ನೀರೂ ಬೇಡ. ಗುಂಡಮ್ಮ ಈಗ ಗಾಳಿ ಬೀಸಿದರೆ ಹಾರಿಹೋಗ್ತಾಳೆ ಅಂತ ಮಾವ ಇನ್ನೂ ನಗುತ್ತಿದ್ದ. ಅವನ ನಾಲಿಗೆ ಬಿದ್ದುಹೋಗ.

ಬೈದದ್ದಾಯಿತು, ಗೋಗರೆದದ್ದಾಯಿತು. ಒಂದು ದಿನ ಮಗಳೇ ಟೇಪಿನ ಒಂದು ಅಂಕೆಯ ಮೇಲೆ ಬೆರಳಿಟ್ಟಳು.

"ಇಲ್ಲಿಗೆ ಬರ್ಲಿ ಅಮ್ಮಾ. ಆಮೇಲೆ ನೀನು ಹಾಕಿದ್ದೆಲ್ಲ ತಿಂತೀನಿ."

ದರ್ಜಿಯ ಬುದ್ಧಿ ಓಡಿದ್ದು ಆಗಲೇ. ಬಟ್ಟೆಯ ಟೇಪು ಹಳತಾದಷ್ಟೂ ಎಳೆದೆಳೆದು ಉದ್ದವಾಗುತ್ತದೆ, ಅಳತೆ ಕಡಿಮೆ ತೋರಿಸುತ್ತದೆ. ಅದಕ್ಕೇ ಕಸುಬು ಬಲ್ಲವರು ಆಗಾಗ ಹೊಸದು ಕೊಳ್ಳುತ್ತಾರೆ. ಅವಳು ಡ್ರಾಯರಿನ ತಳದಲ್ಲಿದ್ದ ಹಳೆಯದೊಂದನ್ನು ನೆನೆಸಿ, ತುದಿಗೆ ಇಸ್ತ್ರಿಪೆಟ್ಟಿಗೆ ಕಟ್ಟಿ, ಎರಡು ದಿನ ಬೀರುವಿನೊಳಗೆ ನೇತುಹಾಕಿದಳು. ಹೊಸ ಟೇಪನ್ನು ಬಚ್ಚಿಟ್ಟು ಅದನ್ನು ಮೇಜಿನ ಮೇಲಿಟ್ಟಳು. ಎರಡೂ ಹಳದಿಯವೇ.

ಮರುದಿನ ಮಗಳು ಅಳೆದಳು, ಮತ್ತೆ ಅಳೆದಳು. ಮುಖ ಅರಳಿತು. ಮಧ್ಯಾಹ್ನ ತಾನಾಗಿ ಬಂದು ಕೂತು ತಟ್ಟೆ ಖಾಲಿ ಮಾಡಿದಳು. ಅಮ್ಮ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಸಂತೋಷಕ್ಕೆ ಅತ್ತಳು. ಗೆದ್ದೆ ಅಂದುಕೊಂಡಳು, ಪಾಪ.

ಮೂರನೇ ದಿನ ಬೆರಳು ಇನ್ನೂ ಕೆಳಗಿನ ಅಂಕೆಗೆ ಇಳಿಯಿತು. ಇಷ್ಟು ಸಲೀಸಾಗಿ ಆಯಿತಲ್ಲ, ಇನ್ನೊಂಚೂರು ಅಂದಳು. ಸಾಕು ಅನ್ನುವುದು ಆ ಕಾಯಿಲೆಗೆ ಗೊತ್ತಿಲ್ಲ, ಅದು ಅಮ್ಮನಿಗೆ ಗೊತ್ತಿರಲಿಲ್ಲ. ತಿಂಗಳೊಳಗೆ ಮಗಳು ಬಚ್ಚಲಲ್ಲಿ ಕುಸಿದುಬಿದ್ದಳು.

ಆಸ್ಪತ್ರೆಯಲ್ಲಿ ತೂಕ, ಎತ್ತರ, ಸೊಂಟ ಎಲ್ಲ ಅಳೆದರು. ನರ್ಸು ಸೊಂಟದ ಅಂಕೆ ಓದಿದಾಗ ಮಗಳು ಅಷ್ಟಿಲ್ಲ, ತಪ್ಪು ಅಂತ ಹಟ ಹಿಡಿದು, ಸಾಕ್ಷಿ ಹೇಳು ಅನ್ನುವಂತೆ ಅಮ್ಮನ ಕಡೆ ತಿರುಗಿದಳು. ಅಮ್ಮನಿಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟಳು. ಮಗಳು ಕೂಗಾಡಲಿಲ್ಲ.

"ಊಟದಲ್ಲೂ ಏನಾದ್ರೂ ಸೇರಿಸ್ತಿದ್ದೆ, ಅಲ್ವಾ?"

"ಇಲ್ಲ ಕಣೇ, ನಿನ್ನಾಣೆ."

"ಇನ್ಮೇಲೆ ನಿನ್ನ ಮಾತು ಹೇಗಮ್ಮಾ ನಂಬ್ಲಿ?"

ಅವತ್ತಿನಿಂದ ಅಮ್ಮನ ಕೈಯ ನೀರನ್ನೂ ಮುಟ್ಟಲಿಲ್ಲ. ಅಮ್ಮ ಮಂಚದ ಹತ್ತಿರವಿದ್ದರೆ ಯಾರು ಕೊಟ್ಟರೂ ಬಾಯಿ ಬಿಗಿಹಿಡಿಯುತ್ತಿದ್ದಳು. ನಾಲ್ಕನೇ ದಿನ ನರ್ಸು ದರ್ಜಿಯನ್ನು ಮೆಲ್ಲಗೆ ಹೊರಗೆ ಕಳಿಸಿದಳು. ಅರ್ಧ ಗಂಟೆಯ ಮೇಲೆ ಗಂಜಿಯ ಬಟ್ಟಲು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಆರು ಚಮಚ ಹೋಯ್ತು. ಬೇಜಾರು ಮಾಡ್ಕೋಬೇಡಿ, ನೀವಿಲ್ಲ ಅಂತಾನೇ ತಿಂತಿದ್ದಾಳೆ. ಸ್ವಲ್ಪ ದಿನ ಬರ್ಬೇಡಿ."

ಎಷ್ಟು ದಿನ ಅಂತ ದರ್ಜಿ ಕೇಳಿದಳು. ನರ್ಸಿಗೂ ಗೊತ್ತಿರಲಿಲ್ಲ; ಬಟ್ಟಲಲ್ಲಿ ಇನ್ನೂ ಅರ್ಧ ಉಳಿದಿತ್ತು, ಅವಳು ಒಳಗೆ ಹೋದಳು. ಮೆಟ್ಟಿಲಿಗೆ ಹೋಗುವ ದಾರಿ ಮಗಳ ಮಂಚದ ಪಕ್ಕದ ಕಿಟಕಿಯ ಮುಂದೆಯೇ ಇತ್ತು. ಹೆತ್ತವಳು ಚಪ್ಪಲಿ ಕೈಗೆ ತೆಗೆದುಕೊಂಡಳು. ತನ್ನ ತಲೆ ಕಂಡರೆ ಏಳನೆಯ ಚಮಚ ನಿಂತುಹೋದೀತೆಂದು, ಕಿಟಕಿ ದಾಟುವವರೆಗೂ ನಡು ಬಗ್ಗಿಸಿಕೊಂಡು ಕಳ್ಳಿಯ ಹಾಗೆ ನಡೆದಳು.