ಕೆರೆಯ ಠರಾವಿಗೆ ಗಂಧ ಕುಂಕುಮ

ಥೂ! ಆ ಕಚೇರಿಯ ಹೆಸರು ಹೇಳುವುದಕ್ಕೂ ನನಗೆ ಹೇಸಿಗೆ. ಅಂಬತ್ತೂರಿನ ಆಚೆ ಎಲ್ಲೋ ಇದೆ ಎಂದಿಟ್ಟುಕೊಳ್ಳಿ. ಅರುವತ್ತು ವರ್ಷದ ಹಿಂದೆ ಅದು ಪಂಚಾಯಿತಿ ಕಚೇರಿಯಾಗಿತ್ತು, ನನ್ನಪ್ಪ ಹಾಲಸಿದ್ದಪ್ಪ ಅದರ ಸದಸ್ಯ. ಊರ ಕೆರೆಯನ್ನು ಕಾರ್ಖಾನೆಗೆ ಕೊಡುವ ಠರಾವು ಬಂದಾಗ ತಾನು ವಿರೋಧಿಸಿದೆ ಎಂದು ಸಾಯುವವರೆಗೂ ಹೇಳುತ್ತಿದ್ದ. ಈಗ ಯಾರೋ ಪುಣ್ಯಾತ್ಮರು ಊರ ಚರಿತ್ರೆ ಬರೆದು, ಕೆರೆ ಮಾರಿದವರ ಪಟ್ಟಿಯಲ್ಲಿ ಅಪ್ಪನನ್ನೂ ಸೇರಿಸಿದ್ದಾರೆ. ಯಾರು ಪರ, ಯಾರು ವಿರೋಧ ಎಂಬುದು ಉಳಿದಿರುವುದು ಒಂದೇ ಕಡೆ, ಸಭೆಯ ನಡಾವಳಿ ಪುಸ್ತಕದಲ್ಲಿ. ಮಂಡಿನೋವು ಕಟ್ಟಿಕೊಂಡು, ಮೈಲಾಪೂರಿನಿಂದ ಎರಡು ಬಸ್ಸು ಬದಲಾಯಿಸಿ ಹೋದೆ.

ದಾಖಲೆ ಕೋಣೆಯ ಗುಮಾಸ್ತ ತಿರುಮಲ ನನ್ನ ಮಾತು ಕೇಳಿ ಹಿಗ್ಗಿದ.

"ಅಡಡೆ, ನೀವೂ ಕನ್ನಡದೋರಾ! ಆ ಬುಕ್ಕು ಪತ್ರಮಾ, ಜೋಪಾನವಾಗಿ ಇದೆ ಅಮ್ಮಾ. ನಮ್ಮ ಆಫೀಸಲ್ಲಿ ಅದೇ ಎಲ್ಲಕ್ಕಿಂತ ಹಳೇದು. ಪ್ರತಿ ಆಯುಧಪೂಜೆಗೆ ಮೊದಲ ಪೂಜೆ ಅದಕ್ಕೇ."

ಎರಡೂ ಕೈಯಲ್ಲಿ ಹಿಡಿದು ತಂದ, ಕಣ್ಣಿಗೊತ್ತಿಕೊಂಡ, ಮೇಜಿನ ಮೇಲಿಟ್ಟ. ಬೈಂಡು ಹರಿದ ಪುಸ್ತಕ ತಾನಾಗಿಯೇ ನಡುವೆ ತೆರೆದುಕೊಂಡಿತು. ಪ್ರತಿವರ್ಷವೂ ಅಲ್ಲೇ ತೆರೆದುಕೊಳ್ಳುತ್ತಿತ್ತಂತೆ, ಪೂಜೆಯೂ ಅಲ್ಲೇ. ಮುಗ್ಗಿದ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಹಾಳೆಯ ತುಂಬ ಗಟ್ಟಿಯಾದ ಗಂಧ, ಅದಕ್ಕೆ ಅಂಟಿದ ಮಂಡಕ್ಕಿ, ಕರ್ಪೂರ ಸುಟ್ಟ ತೂತು, ಜಿರಲೆಯ ಮೊಟ್ಟೆ. ಮೇಲ್ಗಡೆ ಕೆರೆಯ ಠರಾವು ಎಂಬುದನ್ನು ಓದಬಹುದಿತ್ತು. ಕೆಳಗೆ ಒಂಬತ್ತು ಹೆಸರು, ಅಪ್ಪನದು ನಾಲ್ಕನೆಯದು. ಹೆಸರಿನ ಮುಂದೆ ಪರವೋ ವಿರೋಧವೋ ಎಂದಿರಬೇಕಾದ ಜಾಗದಲ್ಲಿ ಮೇಲಿಂದ ಕೆಳಗಿನವರೆಗೆ ಕುಂಕುಮದ ಹೆಪ್ಪು. ಉಗುರಿನಿಂದ ಮೆಲ್ಲಗೆ ಕೆರೆದೆ. ಕಾಗದವೂ ಕಿತ್ತು ಬಂತು.

"ಏನ್ರೀ ಇದು! ಇಷ್ಟ್ ವರ್ಷ ಪೂಜಿ ಮಾಡೀರಿ, ಒಮ್ಮೆರ ಓದೀರೇನು?"

"ದೇವರ ಥರ ಇಟ್ಟಿರೋದನ್ನ ಯಾರಾದ್ರೂ ಓದ್ತಾರಾ ಅಮ್ಮಾ?" ಎಂದ, ನಿಜವಾಗಿಯೂ ಆಶ್ಚರ್ಯಪಟ್ಟು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು. ಅಲ್ಲೇ ಕುಳಿತು ಅತ್ತುಬಿಟ್ಟೆ. ಅವನಿಗೆ ಪಾಪ ಅನ್ನಿಸಿರಬೇಕು, ಒಂದು ಲೋಟ ನೀರು ತಂದಿಟ್ಟ.

"ಅಳಬೇಡಿ ಅಮ್ಮಾ. ನಿಮ್ಮಪ್ಪಂದು ಯಾವ ಕಡೆ ಬೇಕು ಹೇಳಿ. ದಾಖಲೆಯಲ್ಲಿ ಇರೋ ಪ್ರಕಾರ ಅಂತ ಬರೆದು ಸೀಲ್ ಹಾಕಿ ಕೊಟ್ಟುಬಿಡ್ತೀನಿ."

ಕಪಾಳಕ್ಕೆ ಬಾರಿಸಬೇಕಿತ್ತು. ಬಾರಿಸಲಿಲ್ಲ.

"ವಿರೋಧ ಅಂತ ಬರೀರಿ" ಎಂದೆ. ಎಂಥ ನಾಚಿಕೆಗೆಟ್ಟ ಬಾಯಿ ನನ್ನದು!

ದುಂಡಗೆ ಬರೆದ, ಸೀಲು ಒತ್ತಿದ. ಮಡಚಿ ಚೀಲಕ್ಕೆ ಹಾಕಿಕೊಂಡೆ. ಎದೆ ಹಗುರಾಯಿತು, ಸುಳ್ಳು ಯಾಕೆ ಹೇಳಲಿ. ಬಾಗಿಲವರೆಗೂ ಬಂದ ತಿರುಮಲ ಖುಷಿಯಿಂದ ಹೇಳಿದ:

"ಹೋದ ವರ್ಷ ಊರ ಚರಿತ್ರೆ ಬರೆಯೋ ಸಾರ್ ಬಂದಿದ್ರು. ಪಾವಂ, ಪಾಪ, ಅವರಿಗೂ ಏನೂ ತಿಳೀಲಿಲ್ಲ. ಒಂಬತ್ತು ಜನಾನೂ ಪರ ಅಂತ ಬರೆದುಕೊಟ್ಟೆ. ಎಷ್ಟು ಸಂತೋಷಪಟ್ರು ಗೊತ್ತಾ!"

ಅದೇ ಕೈ, ಅದೇ ಸೀಲು. ಚೀಲದಿಂದ ಕಾಗದ ತೆಗೆದು ಅವನೆದುರೇ ಹರಿದು ಹಾಕಿದೆ.

"ಅಯ್ಯೋ, ಯಾಕಮ್ಮಾ? ನೀವು ಹೇಳಿದ ಹಾಗೇ ಬರೆದಿದ್ನಲ್ಲಾ!"

ಬಸ್ಸಿನಲ್ಲಿ ಉಗುರಿನ ಸಂದಿಯ ಕುಂಕುಮವನ್ನು ಸೆರಗಿನಿಂದ ಉಜ್ಜುತ್ತಲೇ ಇದ್ದೆ, ಹೋಗಲಿಲ್ಲ. ಅಪ್ಪ ಅಂದು ಏನು ಮಾಡಿದನೆಂದು ಇನ್ನು ಊರಿಗೂ ತಿಳಿಯುವುದಿಲ್ಲ, ನನಗೂ.