ನಮ್ಮೂರ ಹುಡುಗನ ಲೋಟ

ನನ್ನ ನಾಲಿಗೆಯ ಬಗ್ಗೆ ಒಂದು ಕಾಲದಲ್ಲಿ ನನಗೆ ಬಹಳ ಜಂಬವಿತ್ತು. ಕಣ್ಣು ಮುಚ್ಚಿ ಒಂದು ಗುಟುಕು ಕುಡಿದು, ಇದು ನಿಂಬೆಹಣ್ಣು, ಇದು ಪುಡಿ ಎಂದು ಹೇಳುತ್ತಿದ್ದೆ. ಪುಡಿಯ ಹುಳಿ ನಾಲಿಗೆಯ ತುದಿಗೆ ಒಮ್ಮೆಲೇ ಬಡಿದು ಅಲ್ಲೇ ಮುಗಿದುಹೋಗುತ್ತದೆ. ಹಣ್ಣಿನದು ನಿಧಾನ, ಹಿಂದೆಯೇ ಸಿಪ್ಪೆಯ ಸಣ್ಣ ಕಹಿ ಬರುತ್ತದೆ. ಈ ವಿದ್ಯೆಯನ್ನು ಕಲಿಸಿದ್ದು ನಮ್ಮ ಕಂಪನಿಯ ಲ್ಯಾಬು. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿದ್ದ ಆ ಕಂಪನಿ ಸಿಟ್ರಿಕ್ ಆ್ಯಸಿಡ್ ತಯಾರಿಸುತ್ತಿತ್ತು. ಬಜಾರಿನಲ್ಲಿ ಅದಕ್ಕೆ ಲಿಂಬೂ ಫೂಲ್ ಎಂದು ಹೆಸರು. ಸಕ್ಕರೆಯಷ್ಟು ಬೆಳ್ಳಗಿನ ಹುಳಿ ಪುಡಿ. ಸೋಡಾಕ್ಕೆ, ಶರಬತ್ತಿಗೆ, ಪೆಪ್ಪರಮಿಂಟಿಗೆ, ಜಾಮಿಗೆ ಎಲ್ಲಕ್ಕೂ ಬೇಕು.

ನಾನು ಸೇಲ್ಸ್ ವಿಭಾಗದಲ್ಲಿದ್ದೆ, ಅದೂ ಪ್ರೊಬೇಷನ್ ಮೇಲೆ. ೧೯೮೧ರ ಮೇ ಕೊನೆಗೆ ಪರ್ಮನೆಂಟ್ ಮಾಡುವ ಕಾಗದ ಕೈಗೆ ಬರಬೇಕಿತ್ತು. ಆ ಕಾಗದಕ್ಕೆ ನನಗಿಂತ ಹೆಚ್ಚು ಕಾದಿದ್ದವರು ಉಡುಪಿಯ ಕಡೆ ಊರ್ಮಿಳಾಳ ತಂದೆ. ಮದುವೆಯ ಮಾತುಕತೆ ಆಗಿತ್ತು, ತೆಂಗಿನಕಾಯಿಯೂ ಒಡೆದಾಗಿತ್ತು. ಆದರೆ ನೌಕರಿ ಖಾಯಂ ಆಗದೆ ಮುಹೂರ್ತ ಇಡುವುದಿಲ್ಲ ಎಂದು ಅವರು ಖಡಾಖಂಡಿತವಾಗಿ ಬರೆದಿದ್ದರು. ಅವರನ್ನು ಬೈದುಕೊಳ್ಳುತ್ತಿದ್ದೆ, ಆದರೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ.

ಜನವರಿಯಲ್ಲಿ ಮ್ಯಾನೇಜರ್ ಪೇಂಡಸೆ ನನ್ನನ್ನು ಠಾಣೆಯ ಆಫೀಸಿಗೆ ಕರೆಸಿದರು. ಪರದೇಶದ ಆ ಕಪ್ಪು ಕೋಲಾ ಪಾನೀಯ ದೇಶ ಬಿಟ್ಟು ಹೋಗಿ ಮೂರ್ನಾಲ್ಕು ವರ್ಷವಾಗಿತ್ತು. ಅಂದಿನಿಂದ ಗಲ್ಲಿಗೊಂದು ಸೋಡಾ ಫ್ಯಾಕ್ಟರಿ ಎದ್ದು, ಪುಡಿಗೆ ಬೇಡಿಕೆ ಏರುತ್ತಲೇ ಇತ್ತು. ಹೋಟೆಲುಗಳಿಗೆಂದು ಕಂಪನಿ ಹಿಂದಿನ ಬೇಸಿಗೆಯಲ್ಲಿ ಐದು ಕಿಲೋದ ಹಳದಿ ಡಬ್ಬಿಯನ್ನೂ ಹೊರತಂದು ವ್ಯಾಪಾರಿಗಳ ಮೂಲಕ ಮಾರಿತ್ತು. ಬೇಸಿಗೆಗೆ ಎಷ್ಟು ಡಬ್ಬಿ ಬೇಕಾದೀತು, ಕಲ್ಯಾಣದಿಂದ ವಾಶಿಯವರೆಗೆ ಹೋಟೆಲುಗಳಲ್ಲಿ ವಿಚಾರಿಸಿ ಬಾ ಎಂದರು. ಹೋಟೆಲಿನವರೆಲ್ಲ ನಿಮ್ಮ ಉಡುಪಿಯವರು, ನಿನ್ನ ಹತ್ತಿರ ನಿಜ ಹೇಳುತ್ತಾರೆ ಎಂಬುದು ಅವರ ಲೆಕ್ಕಾಚಾರ. ನನ್ನದೂ ಅದೇ ಆಗಿತ್ತು.

ಎರಡು ವಾರ ಹದಿನಾಲ್ಕು ಹೋಟೆಲು ಸುತ್ತಿದೆ. ಎಲ್ಲ ಕಡೆಯೂ ನಡೆದದ್ದು ಒಂದೇ. ನಾನು ಒಳಗೆ ಕಾಲಿಟ್ಟ ಕೂಡಲೇ ಮಾಲಕರು ಊರಿನ ಸುದ್ದಿ ಕೇಳುತ್ತಿದ್ದರು, ಕೂರಿಸುತ್ತಿದ್ದರು, ಶರಬತ್ತು ತರಿಸುತ್ತಿದ್ದರು. ಪುಡಿಯ ವಿಷಯ ಎತ್ತಿದರೆ, ಅದನ್ನೆಲ್ಲ ನಾವು ಒಳಗೇ ಬಿಡುವುದಿಲ್ಲ ಎನ್ನುತ್ತಿದ್ದರು. ಬರಿಯ ಮಾತನ್ನು ನಂಬುವಷ್ಟು ದಡ್ಡ ನಾನಲ್ಲ, ನಾಲಿಗೆಯಿಂದ ಪರೀಕ್ಷೆ ಮಾಡಿದೆ. ಹದಿನಾಲ್ಕಕ್ಕೆ ಹದಿನಾಲ್ಕೂ ಅಪ್ಪಟ ನಿಂಬೆಹಣ್ಣು.

ಆ ಹದಿನಾಲ್ಕರಲ್ಲಿ ಕೊನೆಗೆ ಹೋದದ್ದು ಡೊಂಬಿವಲಿ ಸ್ಟೇಷನ್ನಿನ ಎದುರಿನ ಪುಂಡರೀಕಾಕ್ಷ ಮಾವನ ಹೋಟೆಲಿಗೆ. ಸಂಬಂಧದಲ್ಲಿ ಮಾವನಲ್ಲ, ಒಂದೇ ಊರಿನವರು, ಅಷ್ಟೇ. ಮುಂಬೈಗೆ ಬಂದು ಇಳಿದಾಗ ನನ್ನ ಬಳಿ ಒಂದು ಚೀಲ ಮತ್ತು ಅವರ ವಿಳಾಸ ಮಾತ್ರ ಇತ್ತು. ಎರಡು ವರ್ಷ ಅವರ ಹೋಟೆಲಿನ ಅಟ್ಟದಲ್ಲಿ ಮಲಗಿ, ಕೆಳಗೆ ಉಂಡು, ಕಾಲೇಜು ಮುಗಿಸಿದ್ದೆ. ಅವರ ಹೆಂಡತಿ ಮುಕ್ತಕ್ಕ ನನ್ನ ಅಂಗಿಗಳನ್ನು ತಮ್ಮ ಮಕ್ಕಳ ಬಟ್ಟೆಯ ಜೊತೆಗೇ ಒಗೆಯುತ್ತಿದ್ದರು. ಮಾವ ಹಣ ಪಡೆಯಲು ಕೂರುವ ಗಲ್ಲೆಯ ಹಿಂದೆ ಒಂದು ಹಲಗೆ ತೂಗುತ್ತಿತ್ತು. 'ಇಲ್ಲಿ ತಾಜಾ ನಿಂಬೆಹಣ್ಣಿನ ಶರಬತ್ತು ಮಾತ್ರ' ಎಂದು ಮರಾಠಿಯಲ್ಲಿ, ಕೆಳಗೆ ಕನ್ನಡದಲ್ಲಿ. ಆ ದಿನವೂ ಮಾವ ಗಲ್ಲೆ ಬಿಟ್ಟು ಎದ್ದು ಒಳಗೆ ಹೋಗಿ ಶರಬತ್ತು ತಂದರು. ನನ್ನ ಲೋಟದಲ್ಲಿ ಯಾವಾಗಲೂ ಒಂದೋ ಎರಡೋ ಬೀಜ ತೇಲುತ್ತಿದ್ದವು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಹೋಟೆಲುಗಳಲ್ಲಿ ಪುಡಿಗೆ ಗಿರಾಕಿಯೇ ಇಲ್ಲ ಎಂದು ವರದಿ ಬರೆದೆ. ಹದಿನಾಲ್ಕು ಹೋಟೆಲಿನ ಆಧಾರದ ಮೇಲೆ ಇಡೀ ಪ್ರದೇಶದ ಭವಿಷ್ಯ ನುಡಿದೆ. ಪೇಂಡಸೆ ಹಳದಿ ಡಬ್ಬಿ ತುಂಬುವುದನ್ನು ನಿಲ್ಲಿಸಿ ಮಾಲನ್ನೆಲ್ಲ ಚೀಲದಲ್ಲಿ ಗುಜರಾತಿನ ಔಷಧಿ ಕಂಪನಿಗಳಿಗೆ ಒಪ್ಪಿಸಿದರು.

ಏಪ್ರಿಲ್ ಬಂತು. ನಿಂಬೆಹಣ್ಣು ತುಟ್ಟಿಯಾಯಿತು, ಕಲ್ಯಾಣದ ಬಜಾರಿನಲ್ಲಿ ಹಳದಿ ಡಬ್ಬಿಗೆ ನೂಕುನುಗ್ಗಲು ಶುರುವಾಯಿತು. ವ್ಯಾಪಾರಿಗಳು ದಿನಕ್ಕೆ ಹತ್ತು ಸಲ ಫೋನ್ ಮಾಡಿದರು, ನಮ್ಮಲ್ಲಿ ಒಂದು ಡಬ್ಬಿಯೂ ಇರಲಿಲ್ಲ. ಭಿವಂಡಿಯ ಗೋದಾಮಿನಿಂದ ಯಾರೋ ಬೇರೆ ಕಂಪನಿಯ ಮಾಲು ಇಳಿಸಿ ಎರಡು ಪಟ್ಟು ದರಕ್ಕೆ ಮಾರಿದರು. ಪೇಂಡಸೆ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ಒಂದು ವಾರದೊಳಗೆ ತಪ್ಪು ಎಲ್ಲಿ ಆಯಿತೆಂದು ಹುಡುಕಿ ಹೊಸ ವರದಿ ಕೊಡು, ಇಲ್ಲವಾದರೆ ಮೇ ಕೊನೆಗೆ ಬೇರೆ ಕೆಲಸ ನೋಡಿಕೋ ಎಂದು ಮೆಲ್ಲಗೆ ಹೇಳಿದರು.

ಆ ವಾರದ ಮೂರನೆಯ ದಿನ ಠಾಣೆಗೆ ಹೋಗುತ್ತಿದ್ದ ಲೋಕಲ್ ರೈಲು ದಿವಾ ಸ್ಟೇಷನ್ನಿನಲ್ಲಿ ನಿಂತುಬಿಟ್ಟಿತು. ಮುಂದೆಲ್ಲೋ ತಂತಿ ಹರಿದಿದೆಯಂತೆ. ಬಿಸಿಲಿಗೆ ಗಂಟಲು ಒಣಗಿತ್ತು. ಇಳಿದು, ಹಳಿ ದಾಟಿ, ಚಾಳು ಎನ್ನುವ ವಠಾರದ ಪಕ್ಕದ ನಲ್ಲಿಯ ಬಳಿ ಹೋದೆ. ನಲ್ಲಿಗೆ ನೀರು ಇನ್ನೂ ಬಂದಿರಲಿಲ್ಲ. ಹೆಂಗಸರು ಸರದಿಗೆಂದು ತಮ್ಮ ತಮ್ಮ ಡಬ್ಬಿಗಳನ್ನು ಸಾಲಾಗಿ ಇಟ್ಟು ನೆರಳಿನಲ್ಲಿ ಕೂತಿದ್ದರು. ಸಾಲನ್ನು ನೋಡಿದವನು ಅಲ್ಲೇ ನಿಂತೆ. ಅರ್ಧಕ್ಕರ್ಧ ನಮ್ಮ ಕಂಪನಿಯ ಹಳದಿ ಡಬ್ಬಿಗಳು. ಬಾಯಿಗೆ ತಂತಿ ಕಟ್ಟಿ ಹಿಡಿಕೆ ಮಾಡಿದ್ದರು, ನಿಂಬೆಹಣ್ಣಿನ ಚಿತ್ರ ಇನ್ನೂ ಮಾಸಿರಲಿಲ್ಲ. ಎಣಿಸಿದೆ. ಮೂವತ್ತೊಂದು.

"ಏನ್ ಸಾಹೇಬ್ರ, ಇಲ್ಲಿ?" ಎಂದು ಯಾರೋ ಕೇಳಿದರು. ಭೀಮಮ್ಮ. ಮಾವನ ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳು, ವಿಜಯಪುರದ ಕಡೆಯವಳು. ಡಬ್ಬಿಗಳು ಎಲ್ಲಿಂದ ಬಂದವೆಂದು ಕೇಳಿದೆ. ಇಲ್ಲಿನ ಹೆಂಗಸರೆಲ್ಲ ಹೋಟೆಲುಗಳಲ್ಲೇ ಪಾತ್ರೆ ತೊಳೆಯುವವರು, ಖಾಲಿ ಡಬ್ಬಿಯನ್ನು ಸೇಠುಗಳು ಕೊಡುತ್ತಾರೆ ಎಂದಳು. ಅವಳ ಪಕ್ಕದ ಶರಣಬಸಮ್ಮ ಕಲ್ಯಾಣದ ಹೋಟೆಲಿನ ಹೆಸರು ಹೇಳಿದಳು, ಇನ್ನೊಬ್ಬಳು ಠಾಣೆಯದು. ಎಲ್ಲವೂ ನನ್ನ ಹದಿನಾಲ್ಕರಲ್ಲಿದ್ದವು. ಭೀಮಮ್ಮ ತನ್ನ ಡಬ್ಬಿಯನ್ನು ತೋರಿಸಿ ಇದು ನಮ್ಮ ಸೇಠರದು ಎಂದಳು, ಅಂದರೆ ಮಾವನದು. ಬೇಸಿಗೆಯಲ್ಲಿ ತಿಂಗಳಿಗೆ ಎರಡು ಬರುತ್ತವಂತೆ.

ನಾನು ನಂಬಲಿಲ್ಲ. ಸೇಠ್ ನನಗೆ ಯಾವಾಗಲೂ ಹಣ್ಣಿನದನ್ನೇ ಕೊಡುತ್ತಾರೆ, ಬೀಜ ಇರುತ್ತದೆ ಎಂದು ಅವಳ ಮೇಲೇ ರೇಗಿದೆ. ಅವಳು ನಕ್ಕಳು.

"ನಿಮ್ಮ ಗ್ಲಾಸು ಬ್ಯಾರೇರಿ. ನೀವು ಬಂದ್ರಂದ್ರ ಸೇಠ್ ತಾವ ಎದ್ದು ಒಳಗ ಬರ್ತಾರ. ಕಪಾಟಿನ್ಯಾಗ ಎರಡು ನಿಂಬಿಹಣ್ಣು ಮುಚ್ಚಿಟ್ಟಿರ್ತಾರ, ಯಾರಿಗೂ ಮುಟ್ಟಗೊಡಂಗಿಲ್ಲ. ತಮ್ಮ ಕೈಲೇ ಹಿಂಡ್ತಾರ. ನಮ್ಮೂರ ಹುಡುಗ, ಅವಂಗ ಪುಡೀದು ಕೊಡಬ್ಯಾಡ್ರಿ ಅಂತಾರ."

ಶರಣಬಸಮ್ಮನೂ ತಲೆಯಾಡಿಸಿದಳು. ಅವರ ಸೇಠರೂ ಊರಿನವರು ಬಂದರೆ ಹಾಗೇ ಮಾಡುತ್ತಾರಂತೆ.

ನನ್ನ ವರದಿ ಎಲ್ಲಿ ತಪ್ಪಿತೆಂದು ಆಗ ತಿಳಿಯಿತು. ಹದಿನಾಲ್ಕು ಹೋಟೆಲಿನವರೂ ನನ್ನ ಮೇಲಿನ ಪ್ರೀತಿಗೆ ನಿಂಬೆಹಣ್ಣು ಹಿಂಡಿದ್ದರು. ಆ ಪ್ರೀತಿಯನ್ನು ನಾನು ಮಾರುಕಟ್ಟೆ ಎಂದು ಬರೆದುಕೊಂಡಿದ್ದೆ. ನಲ್ಲಿಯ ಬಳಿ ನಿಂತು ನನಗೆ ಕಣ್ಣು ತುಂಬಿ ಬಂತು, ಅದೇ ಹೊತ್ತಿಗೆ ನೌಕರಿ ಉಳಿಯಿತು ಎಂಬ ಸಂತೋಷವೂ ಆಯಿತು. ಯಾವುದು ಹೆಚ್ಚಾಗಿತ್ತು ಎಂದು ಕೇಳಬೇಡಿ. ಜೇಬಿನಿಂದ ಡೈರಿ ತೆಗೆದು ಒಬ್ಬೊಬ್ಬರನ್ನೇ ವಿಚಾರಿಸಿ, ಯಾವ ಹೋಟೆಲು, ತಿಂಗಳಿಗೆ ಎಷ್ಟು ಡಬ್ಬಿ, ಎಲ್ಲ ಬರೆದುಕೊಂಡೆ.

ಹೊಸ ವರದಿ ಓದಿ ಪೇಂಡಸೆಯ ಮುಖ ಅರಳಿತು. ಆದರೆ ಹೋಟೆಲುಗಳ ಹೆಸರಿಲ್ಲದೆ ಇದು ಬರೀ ಕಥೆ, ಪಟ್ಟಿ ಕೊಡು ಎಂದರು. ಕಂಪನಿಯ ಮಾರಾಟಗಾರರು ಇನ್ನು ನೇರವಾಗಿ ಅವರ ಬಳಿ ಹೋಗುತ್ತಾರಂತೆ, ದೊಡ್ಡ ಗಿರಾಕಿಗಳಿಗೆ ಗೋಡೆ ಗಡಿಯಾರ ಉಡುಗೊರೆಯಂತೆ. ಮೇಜಿನ ಮುಂದೆ ಕೂತು ಹದಿಮೂರು ಹೆಸರು ಬರೆದೆ. ಹದಿನಾಲ್ಕನೆಯದಕ್ಕೆ ಪೆನ್ನು ನಿಂತಿತು. ಒಂದು ಹೆಸರು ಬಿಟ್ಟರೆ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ಆದರೆ ಮೊದಲ ವರದಿಯಲ್ಲಿ ಹದಿನಾಲ್ಕು ಎಂದಿದ್ದೆ, ಉಳಿದ ಒಂದು ಯಾವುದು ಎಂದು ಕೇಳಿದರೆ? ಇನ್ನೊಮ್ಮೆ ತಪ್ಪಿದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಊರ್ಮಿಳಾಳ ತಂದೆಯ ಕಾಗದ ಜೇಬಿನಲ್ಲೇ ಇತ್ತು. ಬರೆದುಬಿಟ್ಟೆ.

ಮುಂದಿನ ವಾರ ನಮ್ಮ ಸೇಲ್ಸ್‌ನ ವಸಂತಕುಮಾರ ಪಟ್ಟಿ ಹಿಡಿದು ಹೊರಟ. ಒಳ್ಳೆಯ ಹುಡುಗ, ಆದರೆ ಗಂಟಲು ದೊಡ್ಡದು. ಮಧ್ಯಾಹ್ನದ ಊಟದ ಗದ್ದಲದಲ್ಲಿ ಮಾವನ ಗಲ್ಲೆಯ ಮುಂದೆ ನಿಂತು, ತಾಜಾ ನಿಂಬೆಹಣ್ಣಿನ ಆ ಹಲಗೆಯ ಕೆಳಗೇ, ನಿಮಗೆ ತಿಂಗಳಿಗೆ ಎರಡು ಡಬ್ಬಿ ಲಿಂಬೂ ಫೂಲ್ ಅಲ್ಲವೇ, ತಾರಾನಾಥ್ ಬರೆದುಕೊಟ್ಟಿದ್ದಾರೆ ಎಂದು ನನ್ನ ಹೆಸರನ್ನೂ ಹೇಳಿ ಗಟ್ಟಿಯಾಗಿ ಕೇಳಿದನಂತೆ. ಊಟಕ್ಕೆ ಕೂತವರೆಲ್ಲ ತಲೆ ಎತ್ತಿ ಹಲಗೆಯನ್ನು ನೋಡಿದರಂತೆ, ಕೆಲವರು ನಕ್ಕರಂತೆ. ಇದನ್ನೆಲ್ಲ ವಸಂತಕುಮಾರನೇ ಬಂದು ನನಗೆ ತಮಾಷೆಯಾಗಿ ಹೇಳಿದ. ನಾನೂ ನಗಬೇಕಾಯಿತು.

ಮೇ ಕೊನೆಗೆ ಕಾಗದ ಬಂತು. ಪೇಢೆಯ ಪೊಟ್ಟಣ ಹಿಡಿದು ಮಾವನ ಹೋಟೆಲಿಗೆ ಹೋದೆ. ಹೋಗದೇ ಇರುವುದು ಇನ್ನೂ ದೊಡ್ಡ ಹೇಡಿತನವಾಗುತ್ತಿತ್ತು. ಗಲ್ಲೆಯ ಹಿಂದೆ ಹಲಗೆ ಇರಲಿಲ್ಲ. ಆ ಜಾಗದಲ್ಲಿ ನಮ್ಮ ಕಂಪನಿಯ ಗಡಿಯಾರ ತೂಗುತ್ತಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಮಾವ, ಗಡಿಯಾರ ಏನು ಪಾಪ ಮಾಡಿದೆ, ಟೈಮು ಸರಿ ತೋರಿಸುತ್ತದೆ ಎಂದರು. ಪೇಢೆ ತಿಂದರು, ತಲೆಯ ಮೇಲೆ ಕೈಯಿಟ್ಟು ಒಳ್ಳೆಯದಾಗಲಿ ಎಂದರು. ನನ್ನ ಮಾಮೂಲಿ ಮೂಲೆಯ ಮೇಜಿಗೆ ಕೂರಿಸಿದರು. ಆದರೆ ಗಲ್ಲೆಯಿಂದ ಏಳಲಿಲ್ಲ. ಶರಬತ್ತು ತಂದಿಟ್ಟವನು ವೇಟರ್ ಚೆನ್ನಯ.

ಲೋಟದಲ್ಲಿ ಬೀಜವಿರಲಿಲ್ಲ. ಒಂದು ಗುಟುಕು ಕುಡಿದೆ. ಹುಳಿ ನಾಲಿಗೆಯ ತುದಿಗೆ ಬಡಿದು ಅಲ್ಲೇ ಮುಗಿದುಹೋಯಿತು.

"ಹೇಗುಂಟು?" ಎಂದು ಮಾವ ಗಲ್ಲೆಯಿಂದಲೇ ಕೇಳಿದರು.

"ಒಳ್ಳೇದುಂಟು ಮಾವ."

ಅವರು ಗಿರಾಕಿಗಳು ಕಡಿಮೆಯಾದ ಮೇಲೆ ನನ್ನೆದುರು ಬಂದು ಕೂತರು. "ನೀನು ಅಟ್ಟದಲ್ಲಿದ್ದ ವರ್ಷ ನಾನು ಲಿಂಬೆಹಣ್ಣೇ ಹಿಂಡ್ತಿದ್ದೆ ಮಾರಾಯ. ಗ್ಲಾಸು ಅರ್ಧ ತುಂಬಿದ್ದು ಹಾಗೇ ಹಿಂದೆ ಬರ್ತಿತ್ತು. ಹುಳಿ ಇಲ್ಲ, ನೀರು ಅಂತ. ಹೊರಗೆ ಸೋಡಾ ಕುಡಿದು ಅವರ ನಾಲಿಗೆ ಹಾಗೆ ಆಗಿದೆ. ಪುಡಿ ಹಾಕಿದೆ, ಗ್ಲಾಸು ಖಾಲಿ ಬಂತು. ಹಲಗೆ ತೆಗೀಲಿಕ್ಕೆ ಮನಸ್ಸು ಬರ್ಲಿಲ್ಲ. ನೀನು ನನ್ನನ್ನೇ ಕೇಳ್ಬಹುದಿತ್ತಲ್ಲ?"

"ಕೇಳಿದ್ದೆ ಮಾವ. ಇನ್ನೊಮ್ಮೆ ಕೇಳಿದ್ರೆ ಹೇಳ್ತಿದ್ರಾ?"

ಮಾವ ಯೋಚಿಸಿದರು. "ಇಲ್ಲ. ನಿನ್ನ ಹತ್ರ ಮಾತ್ರ ಹೇಳ್ತಿರ್ಲಿಲ್ಲ," ಎಂದು ಎದ್ದು ಹೋದರು.

ನಾನು ಲೋಟ ಖಾಲಿ ಮಾಡಿಯೇ ಎದ್ದೆ. ಆಮೇಲೆ ವಾರಕ್ಕೊಮ್ಮೆ ಹೋಗುತ್ತಲೇ ಇದ್ದೆ. ಮಾವ ಊರಿನ ಸುದ್ದಿ ಕೇಳುತ್ತಿದ್ದರು, ಮುಕ್ತಕ್ಕ ಉಪ್ಪಿನಕಾಯಿ ಕಟ್ಟಿ ಕೊಡುತ್ತಿದ್ದರು, ಚೆನ್ನಯ ಪುಡಿಯ ಶರಬತ್ತು ತಂದಿಡುತ್ತಿದ್ದ. ಯಾರೂ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಗಿರಾಕಿಯ ಮೇಲೆ ಯಾರಾದರೂ ಸಿಟ್ಟು ಮಾಡುತ್ತಾರೆಯೇ? ಆ ಕಾಲದಲ್ಲಿ ನಾನು ಪುಡಿಯ ಮಾರಾಟದಲ್ಲಿ ಒಳ್ಳೆಯ ಹೆಸರು ತೆಗೆದುಕೊಂಡೆ. ನನ್ನ ಭವಿಷ್ಯವಾಣಿ ಮತ್ತೆಂದೂ ಸುಳ್ಳಾಗಲಿಲ್ಲ.

ಡಿಸೆಂಬರಿನಲ್ಲಿ ಮದುವೆಯಾಯಿತು. ಊರ್ಮಿಳಾಳನ್ನು ಕರೆದುಕೊಂಡು ಡೊಂಬಿವಲಿಗೆ ಬಂದ ಮರುದಿನವೇ ಮಾವನ ಹೋಟೆಲಿಗೆ ಹೋದೆವು. ಅವಳು ಕಾಲಿಗೆ ನಮಸ್ಕರಿಸಿದಳು. ಮಾವ ಗಲ್ಲೆ ಬಿಟ್ಟು ಎದ್ದು ತಾವೇ ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಒಂದು ಲೋಟ ತಂದು ಅವಳ ಮುಂದಿಟ್ಟರು. ನನ್ನದನ್ನು ಎಂದಿನಂತೆ ಚೆನ್ನಯ ತಂದ. ಊರ್ಮಿಳಾ ಕುಡಿದು, ಊರಿನ ಹಾಗೇ ಉಂಟು ಎಂದಳು. ಬಾಯಿಗೆ ಸಿಕ್ಕಿದ ಬೀಜವನ್ನು ತೆಗೆದು ತಟ್ಟೆಯ ಅಂಚಿಗಿಟ್ಟಳು. ಆಮೇಲೆ ನನ್ನ ಲೋಟದಿಂದಲೂ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ನಿಮ್ಮದು ಎಂತಕ್ಕೆ ಬೇರೆ?" ಎಂದು ಕೇಳಿದಳು.

ಮಾವ ಅಲ್ಲೇ ನಿಂತಿದ್ದರು. ನನಗೆ ಇದೇ ಅಭ್ಯಾಸವಾಗಿದೆ ಎಂದು ಹೇಳಿ ಲೋಟಕ್ಕೆ ಕೈ ಚಾಚಿದೆ. ಅಷ್ಟರಲ್ಲಿ ಮಾವ ಅದನ್ನು ಎತ್ತಿಕೊಂಡಿದ್ದರು. ಒಳಗೆ ನಡೆದರು. ಕಪಾಟಿನ ಬಾಗಿಲು ತೆರೆದ ಸದ್ದು ಕೇಳಿಸಿತು, ಹೆಚ್ಚುವ ಮಣೆಯ ಮೇಲೆ ಚಾಕು ತಗುಲಿದ ಸದ್ದು ಕೇಳಿಸಿತು. ಊರ್ಮಿಳಾ ಗಾಬರಿಯಿಂದ ನನ್ನ ತೋಳು ಹಿಡಿದು ಏನಾಯಿತೆಂದು ಕೇಳುತ್ತಿದ್ದಳು. ಮಾವ ಲೋಟ ತಂದು ನನ್ನ ಮುಂದೆ ಇಡುವವರೆಗೆ ನನಗೆ ತಲೆ ಎತ್ತಲು ಆಗಲಿಲ್ಲ.